ಯೋಗ ಮ್ಯಾಟ್ ಆಮೇಲೆ ತನ್ನಿ, ಮೊದಲು ಟಾಯ್ಲೆಟ್ ನೋಡಿ

ಜೂನ್ 21, ಯೋಗ ದಿನ ಬಂತು ಅಂದ್ರೆ ಎಷ್ಟೋ ಕಂಪನಿಗಳಲ್ಲಿ ಬ್ಯಾನರ್, ಬಿಳಿ ಟೀ ಶರ್ಟು, ಗುಂಪು ಫೋಟೊ. 22ಕ್ಕೆ ಮತ್ತೆ ಅದೇ ಕಾಲು ಮುರಿದ ಕುರ್ಚಿ. ನಿಮ್ಮದು ಸಣ್ಣ ಗಾರ್ಮೆಂಟ್ಸ್ ಘಟಕವೋ ಆಫೀಸೋ ಆಗಿದ್ದರೆ ಕೆಲಸದವರ ಆರೋಗ್ಯ ನೋಡಿಕೊಳ್ಳೋದನ್ನ ಹೀಗೆ ಶುರು ಮಾಡಿ, ಖರ್ಚು ಜಾಸ್ತಿ ಇಲ್ಲ.

ಮೊದಲು ಕೇಳಿ. ಹೆಸರು ಬರೆಯದ ಚೀಟಿ, ಒಂದೇ ಪ್ರಶ್ನೆ: ‘ಇಲ್ಲಿ ಕೆಲಸ ಮಾಡಿ ಮೈಗೆ ಏನಾಗಿದೆ?’ ನಾನು ಹಿಂದೆ ಇದ್ದ ಕಡೆ ಸೊಂಟ ನೋವು ಅಂತ ಬರುತ್ತೆ ಅಂದುಕೊಂಡಿದ್ದೆವು. ಹೊಲಿಗೆ ಲೈನಿನ ಹೆಂಗಸರು ಉರಿಮೂತ್ರ ಅಂತ ಬರೆದಿದ್ದರು. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಹೋಗೋಕೆ ಟೋಕನ್ ಬೇಕು, ಲೈನಿಗೆಲ್ಲ ಇದ್ದದ್ದು ಒಂದೇ ಟೋಕನ್, ತಡವಾದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾರೆ, ಅದಕ್ಕೆ ಬೆಳಿಗ್ಗೆಯಿಂದ ನೀರೇ ಮುಟ್ಟುತ್ತಿರಲಿಲ್ಲ. ಟೋಕನ್ ಎಸೆಯಿರಿ. ಮೆಷಿನ್ ಪಕ್ಕ ಬಾಟಲಿಗೆ ಜಾಗ ಮಾಡಿ. ಟಾಯ್ಲೆಟ್ಟಿನಲ್ಲಿ ಚಿಲಕ, ಬಕೆಟ್, ಮುಚ್ಚಳವಿರುವ ಕಸದ ಡಬ್ಬಿ ಇರಲಿ.

ಆಮೇಲೆ ಟೀ. ಫ್ಲಾಸ್ಕಿಗೇ ಸಕ್ಕರೆ ಬೆರೆಸಿ ತರಬೇಡಿ, ಬೇರೆ ಡಬ್ಬಿಯಲ್ಲಿ ಇಡಿ ಅಂತ ಹೇಳಿ. ಬೋಂಡಾ ನಿಲ್ಲಿಸಲು ಹೋಗಬೇಡಿ, ಬೈಗುಳ ತಿನ್ನುತ್ತೀರಿ. ಪಕ್ಕದಲ್ಲಿ ಹೆಸರುಕಾಳು ಉಸ್ಲಿ ಇಡಿ ಸಾಕು.

ಒಂದು ಬಿಪಿ ಮೆಷಿನ್ ತಂದಿಡಿ. ಮೆಟ್ಟಿಲು ಹತ್ತಿ ಬಂದವರಿಗೆ ಸೀದಾ ಪಟ್ಟಿ ಕಟ್ಟಬೇಡಿ. ಐದು ನಿಮಿಷ ಸುಮ್ನೆ ಕೂರಿಸಿ, ಕಾಫಿ, ಬೀಡಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಲಿ, ಕೈ ಎದೆಮಟ್ಟಕ್ಕೆ ಟೇಬಲ್ ಮೇಲಿರಲಿ. 140/90 ದಾಟಿದರೆ ಇನ್ನೊಂದು ದಿನ ನೋಡಿ, ಆಗಲೂ ಹಾಗೇ ಇದ್ದರೆ ಡಾಕ್ಟರ್ ಹತ್ತಿರ ಕಳಿಸಿ. ಅಂಕಿ ಅವರ ಕೈಗೆ ಮಾತ್ರ. ಎಚ್‌ಆರ್ ಕಂಪ್ಯೂಟರಿಗೆ ಹೋಯಿತು ಅಂತ ಗೊತ್ತಾದರೆ ಮುಂದಿನ ಸಲ ಯಾರೂ ಕೈ ಚಾಚಲ್ಲ, ಅಲ್ವಾ?

ಹೆಜ್ಜೆ ಎಣಿಸುವ ಸ್ಪರ್ಧೆ? ಬೇಕಾದರೆ ಇಡಿ. ಬಹುಮಾನ ಹೇಗೂ ಮೊದಲೇ ಓಡಾಡುವವರಿಗೇ ಹೋಗುತ್ತೆ.

ಇಎಸ್‌ಐ, ಅಂದ್ರೆ ನೌಕರರ ಸರ್ಕಾರಿ ಆರೋಗ್ಯ ವಿಮೆ, ಆ ವಿಷಯ ಮಾತ್ರ ಬಿಡಬೇಡಿ. ಸಂಬಳದಿಂದ 0.75%, ಕಂಪನಿಯಿಂದ 3.25% ಪ್ರತಿ ತಿಂಗಳೂ ಹೋಗುತ್ತಿರುತ್ತೆ, ಆದರೆ ತಮ್ಮ ಡಿಸ್ಪೆನ್ಸರಿ ಯಾವುದು ಅಂತಲೇ ಎಷ್ಟೋ ಜನರಿಗೆ ಗೊತ್ತಿರಲ್ಲ. ಒಂದು ಮಧ್ಯಾಹ್ನ ಕೂತು ಎಲ್ಲರ ಕಾರ್ಡ್ ಪ್ರಿಂಟ್ ತೆಗೆದುಕೊಡಿ, ಮನೆಯವರ ಹೆಸರು ಸೇರಿದೆಯಾ ನೋಡಿ.

ಟೆಲಿ ಮಾನಸ್ ನಂಬರ್ 14416 ಕೂಡ ಬರೆದು ಹಾಕಿ. ಮನಸ್ಸಿಗೆ ಕಷ್ಟವಾದಾಗ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನೋಟಿಸ್ ಬೋರ್ಡಿನಲ್ಲಿ ಬೇಡ, ಅಲ್ಲಿ ನಿಂತು ಬರೆದುಕೊಳ್ಳೋಕೆ ಯಾರಿಗೂ ಧೈರ್ಯ ಬರಲ್ಲ. ಟಾಯ್ಲೆಟ್ ಬಾಗಿಲಿನ ಒಳಗಡೆ ಅಂಟಿಸಿ.