ಒಂದು ಮನೆಗೆ ಒಂದೇ ಮಗು: ಮೂರನೇ ಫ್ರಾನ್ಸ್ ಪ್ರವಾಸದ ನನ್ನ ಅನುಭವ

ನಾನು ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತೇನೆ, ಮಕ್ಕಳನ್ನು ಫ್ರಾನ್ಸ್‌ಗೆ ಕರೆದುಕೊಂಡು ಹೋಗಿ ಅಲ್ಲಿಯವರ ಮನೆಗಳಲ್ಲಿ ಇರಿಸುತ್ತೇನೆ. ಈ ಸಲ ಅಂಥ ಒಂದು ಹೋಸ್ಟ್ ಮನೆಗೆ ಒಂದೇ ಮಗು ಅಂತ ನಾನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಎರಡನೇ ರಾತ್ರಿಗೇ ಅಳುತ್ತಾ ಫೋನ್ ಮಾಡ್ತಾರೆ, ನೀವೇ ಟ್ಯಾಕ್ಸಿ ಹಿಡಿದು ಮನೆಮನೆ ಸುತ್ತುತ್ತೀರಿ ಅಂದರು. ಅಳು ಬಂತು, ಇಲ್ಲ ಅನ್ನಲ್ಲ. ಮೂವರು ಅತ್ತರು, ಒಬ್ಬಳ ಮನೆ ಬದಲಾಯಿಸಬೇಕಾಯಿತು. ಆದರೆ ಹದಿನಾರು ಮಕ್ಕಳು, ಹದಿನಾರು ಮನೆ, ಹನ್ನೆರಡು ರಾತ್ರಿ ಮುಗಿಸಿ ಬಂದೆ. ಎರಡು ವರ್ಷದ ಕ್ಲಾಸಿನಲ್ಲಿ ಬಾಯಿ ಬಿಡದವರು ಫ್ರೆಂಚ್ ಮಾತಾಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ಸಲವೂ ಹೋಗಿದ್ದು ತೂರ್‌ಗೆ. ಲುಆರ್ ನದಿಯ ದಂಡೆಯ ಊರು, ಹೆಚ್ಚು ದೊಡ್ಡದಲ್ಲ, ಟ್ರಾಮ್ ಇದೆ, ಮಕ್ಕಳು ಕಳೆದುಹೋಗುವುದಿಲ್ಲ. ಪ್ಯಾರಿಸ್‌ನ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಕೆಳಗಿಂದಲೇ ನೇರ ರೈಲು ಸಿಗುತ್ತೆ. ಒಂದೂಮುಕ್ಕಾಲು ಗಂಟೆಯ ಹಾಗೆ ಸ್ಯಾಂ ಪಿಯೆರ್ ದೆ ಕೋರ್ ಅನ್ನುವ ಸ್ಟೇಷನ್, ಅಲ್ಲಿಂದ ಇನ್ನೊಂದು ಪುಟ್ಟ ರೈಲಿನಲ್ಲಿ ಐದು ನಿಮಿಷ. ಇದು ಗೊತ್ತಿಲ್ಲದೆ ಮೊದಲ ಸಲ ಬಸ್ಸಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಮೊದಲ ಸಲ ಎಲ್ಲವನ್ನೂ ಒಂದು ಏಜೆನ್ಸಿಗೆ ಬಿಟ್ಟಿದ್ದೆ. ವಿಮಾನ ಬಿಟ್ಟು ತಲೆಗೆ 1,150 ಯೂರೊ ಆಸುಪಾಸು. ಒಂದು ಮನೆಗೆ ಮೂರು ಮಕ್ಕಳು. ಮನೆಯವರು ಏಳೂವರೆಗೆ ತಟ್ಟೆ ಇಟ್ಟು ಟಿವಿ ಮುಂದೆ ಹೋಗಿ ಕೂರುತ್ತಿದ್ದರು, ಇವರು ಮೂವರು ತಮ್ಮ ಭಾಷೆಯಲ್ಲೇ ಹರಟುತ್ತಾ ಉಂಡು ಮಲಗುತ್ತಿದ್ದರು. ಶೆನೊನ್ಸೊ ಕೋಟೆ ನೋಡಿದರು, ಅಂಬ್ವಾಜ್‌ನಲ್ಲಿ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ 1519ರಲ್ಲಿ ಕಣ್ಣು ಮುಚ್ಚಿದ ಮನೆ ನೋಡಿದರು, ಫೋಟೊ ಬೇಕಾದಷ್ಟು ತೆಗೆದರು. ಮನೆಯವರ ಜೊತೆ ಆಡಿದ ಫ್ರೆಂಚ್ ಅಂದರೆ ‘ಮೆರ್ಸಿ’, ಥ್ಯಾಂಕ್ಸ್, ಅಷ್ಟೇ. ಪೋಷಕರ ಮುಂದೆ ನಿಂತು ಮಾತಾಡಲು ನನಗೇ ಮುಜುಗರವಾಯಿತು.

ಎರಡನೇ ಸಲ ಮನೆಗೆ ಇಬ್ಬರು. ಇದು ಇನ್ನೂ ಮೋಸ. ಇಬ್ಬರಲ್ಲಿ ಒಬ್ಬರಿಗೆ ಸ್ವಲ್ಪ ಜಾಸ್ತಿ ಬರುತ್ತೆ, ಆ ಮಗು ಇಬ್ಬರ ಪರವಾಗಿಯೂ ಮಾತಾಡುತ್ತೆ, ಇನ್ನೊಂದು ಹತ್ತು ದಿನ ತಲೆ ಆಡಿಸಿಕೊಂಡು ಇದ್ದುಬಿಡುತ್ತೆ. ಮೇಲೆ ಫೋನಿನ ಅನುವಾದ ಬೇರೆ.

ಮೂರನೇ ಸಲ ಏಜೆನ್ಸಿ ಬಿಟ್ಟೆ. ಅಲ್ಲಿಯ ಒಂದು ಕೊಲೇಜಿನ (ನಮ್ಮ ಕಾಲೇಜಲ್ಲ, ಮಾಧ್ಯಮಿಕ ಶಾಲೆ) ಟೀಚರ್ ಜೊತೆ ಒಂದೂವರೆ ವರ್ಷ ಈಮೇಲ್ ಬರೆದು, ಅವರ ವಿದ್ಯಾರ್ಥಿಗಳ ಮನೆಗಳನ್ನೇ ಹಿಡಿದೆ. ಊಟತಿಂಡಿಗೆ ರಾತ್ರಿಗೆ 25 ಯೂರೊ ಕೊಟ್ಟೆವು. ರೈಲು, ವಿಮೆ, ಒಂದು ದಿನದ ಬಸ್ಸು ಎಲ್ಲ ಸೇರಿ ತಲೆಗೆ 560 ದಾಟಲಿಲ್ಲ. ಅಂದರೆ ಅರ್ಧ. ಈ ಲೆಕ್ಕ ಕೇಳಿ ಆಡಳಿತ ಮಂಡಳಿಯವರು ಎರಡು ಸಲ ಕೂಡಿಸಿ ನೋಡಿದರು.

ವೀಸಾ ವಿಷಯ ಒಂದು ಹೇಳಲೇಬೇಕು. ಓದಿಗಾಗಿ ಹೋಗುವ ಶಾಲಾ ಮಕ್ಕಳಿಗೂ ಅವರ ಜೊತೆ ಹೋಗುವ ಟೀಚರ್‌ಗೂ ಶೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ ಇಲ್ಲ, ನಿಯಮದಲ್ಲೇ ಇದೆ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಕೊಡಬೇಕು. ಮೊದಲ ಸಲ ನಮ್ಮಿಂದ ವೀಸಾ ಶುಲ್ಕ ಅಂತ ಪೂರ್ತಿ ವಸೂಲಿ ಮಾಡಿದ್ದರು, ನಾನು ಸುಮ್ನೆ ಕೊಟ್ಟಿದ್ದೆ. 30,000 ಯೂರೊ ವಿಮೆ, ಹನ್ನೆರಡು ದಾಟಿದವರ ಬೆರಳಚ್ಚು, ಇವೆಲ್ಲ ವೀಸಾಗೆ ಹೇಗೂ ಬೇಕು. ಮನೆಗಳನ್ನು ನೀವೇ ಹಿಡಿದರೆ ತಲೆನೋವು ಬೇರೆ ಕಡೆ: ಮನೆಯವರು ತಮ್ಮ ಮೇರಿಗೆ, ಅಂದರೆ ಪುರಸಭೆಗೆ, ತಾವೇ ಹೋಗಿ ಅತೆಸ್ತಾಸ್ಯೋಂ ದಕೇಯ್, ಅಂದರೆ ಅತಿಥಿಯನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನುವ ಪತ್ರ, ಮಾಡಿಸಬೇಕು. ನಮ್ಮನ್ನು ಅದನ್ನೇ ಕೇಳಿದರು. ಆಗ ಒಂದಕ್ಕೆ 30 ಯೂರೊ ಸ್ಟಾಂಪ್, ಅದನ್ನು ನಾವು ತುಂಬಿಕೊಟ್ಟೆವು. ಇಬ್ಬರು ಮರೆತರು, ಮೂರು ವಾರ ನನಗೆ ಸರಿಯಾಗಿ ನಿದ್ದೆ ಇಲ್ಲ.

ಈಗ ನಿಜವಾಗಿ ಕೆಲಸ ಮಾಡಿದ್ದು ಏನು ಅಂತ. ಒಂಟಿಯಾಗಿ ಇಟ್ಟರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಹದಿನಾಲ್ಕು ವರ್ಷದ ಒಬ್ಬ ಹುಡುಗ ಮೂರು ದಿನ ಬಾಯೇ ಬಿಡಲಿಲ್ಲ ಅಂತ ಮನೆಯವರು ಫೋನ್ ಮಾಡಿದರು. ನಾಲ್ಕನೇ ಸಂಜೆ ಹೋದೆ. ಅಡುಗೆಮನೆಯಲ್ಲಿ ಆ ಮನೆಯ ಅಜ್ಜಿ ಡಿಶ್‌ವಾಷರ್ ಬಾಗಿಲು ತೆಗೆದು, ಬಿಸಿ ಆವಿ ಇನ್ನೂ ಏಳುತ್ತಿದ್ದ ಹಾಗೇ, ಹುಡುಗನ ಕೈಗೆ ಒಂದೊಂದೇ ಸಾಮಾನು ಕೊಡುತ್ತಿದ್ದರು. ‘ಲಾ ಫೂರ್ಶೆತ್.’ ಅವನು ಫೋರ್ಕ್ ಹಿಡಿದುಕೊಂಡು ಎಲ್ಲಿಡಬೇಕು ಅಂತ ನಿಂತ. ಒಂದು ಡ್ರಾಯರ್ ಎಳೆದ. ‘ನೋಂ, ಪಾ ಲಾ. ಆ ಗೋಶ್.’ ಎಡಗಡೆಯದು ಎಳೆದ. ‘ಲ ಕೂತೊ.’ ಚಾಕುವನ್ನೂ ಅಲ್ಲಿಗೇ ಹಾಕಿದ. ಐದಾರು ಸಾಮಾನು ಆದಮೇಲೆ ಒಂದು ಲೋಟ ಕೈಗೆ ಬಂತು, ಅಜ್ಜಿ ಏನೂ ಹೇಳಲಿಲ್ಲ, ಸುಮ್ಮನೆ ನೋಡಿದರು. ‘ಲ ವೆರ್... ಊ?’ ಅಂದ ಹುಡುಗ. ಎಲ್ಲಿ ಅಂತ ಕೇಳಿದ, ಅಲ್ವಾ! ಅದೂ ಲಿಂಗ ತಪ್ಪಿಲ್ಲದೆ. ಪುಲ್ಲಿಂಗದ ಪದಕ್ಕೆ ಲ, ಸ್ತ್ರೀಲಿಂಗದ್ದಕ್ಕೆ ಲಾ ಅಂತ ನಾನು ಪಟ್ಟಿ ಮಾಡಿ ಎರಡು ವರ್ಷ ಗಂಟಲು ಹರಿದುಕೊಂಡಿದ್ದು ಅವನಿಗೇ.

ಆ ರಾತ್ರಿಯೇ ಉಳಿದ ಹದಿನೈದು ಮನೆಗಳಿಗೂ ಮೆಸೇಜ್ ಹಾಕಿದೆ. ದಯವಿಟ್ಟು ನಮ್ಮ ಮಗುವನ್ನು ಅತಿಥಿ ಮಾಡಿ ಕೂರಿಸಬೇಡಿ, ದಿನವೂ ಒಂದೇ ಕೆಲಸ ಕೊಡಿ, ಕೈಗೆ ಕೊಡುವಾಗ ಹೆಸರು ಹೇಳಿ ಅಂತ. ಒಬ್ಬಳಿಗೆ ನಾಯಿ ಸುತ್ತಿಸುವುದು, ಒಬ್ಬನಿಗೆ ಬೆಳಿಗ್ಗೆ ಬ್ರೆಡ್ ತರುವುದು, ಇನ್ನೊಬ್ಬಳಿಗೆ ಒಗೆದ ಬಟ್ಟೆ ಮಡಚುವುದು. ಬ್ರೆಡ್ ತರುವವನಿಗೆ ನಾನೊಂದು ಷರತ್ತು ಹಾಕಿದ್ದೆ: ಸುಮ್ನೆ ಬಾಗೆತ್ ಕೇಳಬಾರದು, ‘ಪಾ ತ್ರೊ ಕ್ವಿತ್’, ಜಾಸ್ತಿ ಬೆಂದಿದ್ದು ಬೇಡ, ಅಂತ ಹೇಳಿ ತರಬೇಕು.

ಯಾವ ಮಗುವಿಗೆ ಯಾವ ಮನೆ ಅಂತ ಹೊಂದಿಸಲು ಏಳು ಪ್ರಶ್ನೆ ಇಟ್ಟುಕೊಂಡಿದ್ದೇನೆ. ನಾಲ್ಕು ಎಲ್ಲರೂ ಕೇಳುವಂಥವೇ. ಉಳಿದ ಮೂರು ನನ್ನ ಹತ್ತಿರವೇ ಇರಲಿ. ಸಂಜೆ ಆರರಿಂದ ಊಟ ಮುಗಿಯುವ ತನಕ ಫೋನ್ ಬುಟ್ಟಿಗೆ ಹಾಕಲು ಪೋಷಕರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನೂ ಇಲ್ಲಿ ಬರೆಯಲ್ಲ.

ಬೇರೆ ಪ್ರಯೋಗಗಳೂ ನಡೆದವು. ಮಧ್ಯದಲ್ಲಿ ಇಬ್ಬರ ಮನೆ ಅದಲುಬದಲು ಮಾಡಿ ನೋಡಿದೆ, ಹಾಳಾಯಿತು, ಇಬ್ಬರೂ ಮತ್ತೆ ಮೂಕರಾದರು. ದಿನಚರಿ ಬರೆಸಿದ್ದು ದಂಡ, ಎಲ್ಲರೂ ಕೊನೆಯ ದಿನ ಒಟ್ಟಿಗೆ ಗೀಚಿದರು. ಫಲ ಕೊಟ್ಟಿದ್ದು ಫೋನ್ ನಂಬರ್ ಪರೀಕ್ಷೆ. ಅಲ್ಲಿ ನಂಬರನ್ನು ಎರಡೆರಡು ಅಂಕಿ ಸೇರಿಸಿ ಹೇಳುತ್ತಾರೆ. 97 ಅಂದರೆ ನಾಲ್ಕು ಇಪ್ಪತ್ತು ಹದಿನೇಳು, 76 ಅಂದರೆ ಅರವತ್ತು ಹದಿನಾರು. ಮನೆಯವರು ಮಾಮೂಲಿ ವೇಗದಲ್ಲಿ ಹೇಳಬೇಕು, ಮಗು ಬರೆದುಕೊಳ್ಳಬೇಕು. ಮೊದಲ ದಿನ ಇಬ್ಬರೋ ಮೂವರೋ ಸರಿ ಬರೆದರು. ಹನ್ನೊಂದನೇ ದಿನ ಹನ್ನೆರಡು ಮಂದಿ.

ಭಾನುವಾರ ಏನೂ ಇಡಬೇಡಿ. ಮಧ್ಯಾಹ್ನದ ಊಟಕ್ಕೆ ನೆಂಟರು ಬರುತ್ತಾರೆ, ಮೂರು ಗಂಟೆ ಕೂರುತ್ತಾರೆ, ಅದಕ್ಕಿಂತ ಒಳ್ಳೆ ಕ್ಲಾಸ್ ನಾನು ತೆಗೆದುಕೊಳ್ಳಲಾರೆ. ಬುಧವಾರ ಮಧ್ಯಾಹ್ನ ಅವರ ಮಕ್ಕಳಿಗೂ ಕ್ಲಾಸ್ ಇರಲಿಲ್ಲ, ಆ ಹೊತ್ತನ್ನೂ ಬಿಟ್ಟುಕೊಡಿ. ಸಸ್ಯಾಹಾರಿ ಮಗು ಇದ್ದರೆ ಬರೀ ‘ವೆಜೆತಾರ್ಯಾಂ’ ಅಂತ ಬರೆದು ಕಳಿಸಬೇಡಿ. ನಮ್ಮ ಒಬ್ಬ ಹುಡುಗಿಗೆ ಮೊದಲ ರಾತ್ರಿಯೇ ಹಂದಿಮಾಂಸದ ಚೂರಿದ್ದ ಕೀಶ್ ಬಂತು, ಮಾಂಸ ಎಲ್ಲಿದೆ, ಬರೀ ಲಾರ್ದೋಂ ಅಲ್ವಾ ಅಂದರು. ಮಾಂಸ ಬೇಡ, ಮೀನು ಬೇಡ, ಲಾರ್ದೋಂ ಬೇಡ ಅಂತ ಬಿಡಿಸಿ ಬರೆದ ಚೀಟಿ ಮರುದಿನವೇ ಕೊಟ್ಟೆ.

ಮನೆ ಬದಲಾಯಿಸಿದವಳ ಕತೆ ಬೆಕ್ಕಿನದು. ಅಲರ್ಜಿ ಅಂತ ಫಾರ್ಮಿನಲ್ಲಿ ಬರೆದಿರಲಿಲ್ಲ, ಎರಡನೇ ರಾತ್ರಿ ಕಣ್ಣು ಊದಿಕೊಂಡಿತು. ಅದೃಷ್ಟಕ್ಕೆ ಕೊಲೇಜಿನ ಟೀಚರೇ ತಮ್ಮ ಮನೆಗೆ ಕರೆದುಕೊಂಡರು. ಮುಂದಿನ ಸಲ ಹದಿನಾರು ಮಕ್ಕಳಿಗೆ ಹದಿನೆಂಟು ಮನೆ ಹೇಳಿಟ್ಟುಕೊಳ್ಳುತ್ತೇನೆ. ಆ ಎರಡು ಮನೆಗೂ ಸ್ಟಾಂಪ್ ಮಾಡಿಸಿದರೆ ಹಳೆ ಲೆಕ್ಕದಲ್ಲೇ 60 ಯೂರೊ ಜಾಸ್ತಿ. ಬಜೆಟ್ಟಿನಲ್ಲಿ ಈಗಲೇ ಬರೆದಿಟ್ಟಿದ್ದೇನೆ.