ಉತ್ತರದ ಕಿಟಕಿ ಮತ್ತು ನಾವಿಬ್ಬರು

ಕೊಪ್ಪಳ ಭಾಗದ ಮನೆಗಳ ಪಡಸಾಲೆಯಲ್ಲಿ ಮಾಲೆ ಹಾಕಿದ ಹಿರಿಯರ ಫೋಟೊಗಳನ್ನು ಹತ್ತಿರ ಹೋಗಿ ನೋಡಿದರೆ, ಅವುಗಳಲ್ಲಿ ಎಷ್ಟೋ ಆಧಾರ್ ಕಾರ್ಡಿನಿಂದಲೋ ಮತದಾರರ ಗುರುತಿನ ಚೀಟಿಯಿಂದಲೋ ಹಿಗ್ಗಿಸಿದವು ಎಂಬುದು ಗೊತ್ತಾಗುತ್ತದೆ. ಹಿರಿಯರು ತೀರಿಕೊಂಡ ಮೇಲೆ ಮನೆಯವರು ಆ ಚೀಟಿ ಹಿಡಿದು ಸ್ಟುಡಿಯೊಗೆ ಬರುತ್ತಾರೆ. ಸ್ಟುಡಿಯೊದವರು ಹಿನ್ನೆಲೆಗೆ ನೀಲಿ ತುಂಬಿ, ಮುಖವನ್ನು ಒಂದಿಷ್ಟು ಬೆಳ್ಳಗೆ ಮಾಡಿ, ಬೇಕೆಂದರೆ ಇನ್ಯಾರದೋ ಕೋಟನ್ನೂ ತೊಡಿಸಿ ಕೊಡುತ್ತಾರೆ. ಲಗ್ನಸರಾಯಿಯನ್ನೇ ನಂಬಿಕೊಂಡಿದ್ದ ಕಾಲದಲ್ಲಿ ನಾನೂ ನಮ್ಮ ಯಜಮಾನರೂ ಈ ಕೆಲಸವನ್ನು ಸಾಕಷ್ಟು ಮಾಡಿದ್ದೇವೆ. ಹಿರಿಯರು ಬದುಕಿರುವಾಗಲೇ ಅವರನ್ನು ನೆಮ್ಮದಿಯಾಗಿ ಕೂಡಿಸಿ, ಅವರ ಮುಖಕ್ಕೆ ಒಪ್ಪುವ ಬೆಳಕಿನಲ್ಲಿ, ಬಾಳಿಕೆಯ ಕಾಗದದ ಮೇಲೆ ಒಂದು ಭಾವಚಿತ್ರ ಮಾಡಿಕೊಟ್ಟರೆ ಅದಕ್ಕೆ ದುಡ್ಡು ಕೊಡುವವರು ಇದೇ ಊರಿನಲ್ಲಿ ಇದ್ದಾರು ಎಂಬ ಲೆಕ್ಕಾಚಾರದಿಂದ ನಮ್ಮ ಈಗಿನ ವೃತ್ತಿ ಆರಂಭವಾಯಿತು.

ಹಳೆಯ ಓಣಿಯಲ್ಲಿ ಬಾಡಿಗೆಗೆ ಹಿಡಿದ ಮಾಳಿಗೆ ಮನೆಯೇ ನಮ್ಮ ಸ್ಟುಡಿಯೊ. ಅದನ್ನು ಆರಿಸಿಕೊಂಡದ್ದು ಉತ್ತರಕ್ಕೆ ಮುಖ ಮಾಡಿದ ಒಂದು ದೊಡ್ಡ ಕಿಟಕಿಗಾಗಿ. ಭಾವಚಿತ್ರಕ್ಕೆ ಉತ್ತರದ ಬೆಳಕೇ ಲೇಸು ಎಂಬುದು ಯುರೋಪಿನ ಚಿತ್ರಕಾರರ ಕಾಲದಿಂದ ಬಂದ ಪಾಠ; ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುವುದರಿಂದ ಉತ್ತರದ ಕಿಟಕಿಗೆ ಬಿಸಿಲು ತಾಕದೆ, ಆಕಾಶದ ಮೃದುವಾದ ಬೆಳಕಷ್ಟೇ ಒಳಗೆ ಬರುತ್ತದೆ. ಕೊಪ್ಪಳ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ. ಬೆಳಗು ಸಂಜೆಗಳಲ್ಲಂತೂ ಯುಗಾದಿಯ ಹೊತ್ತಿನಿಂದಲೇ ಓರೆಬಿಸಿಲು ಉತ್ತರದ ಗೋಡೆಯನ್ನು ಸವರತೊಡಗುತ್ತದೆ. ಆದ್ದರಿಂದ ಪುಸ್ತಕದ ಪಾಠ ನಮಗೆ ಚಳಿಗಾಲದಲ್ಲಿ ಮಾತ್ರ ಇದ್ದಂತೆಯೇ ಒದಗುತ್ತದೆ. ಉಳಿದ ತಿಂಗಳುಗಳಲ್ಲಿ ಕಿಟಕಿಯ ಹೊರಗೆ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಬಿಗಿಯುತ್ತೇವೆ. ಬಿಸಿಲು ಬಿದ್ದ ಪಂಚೆಯೇ ಆಗ ದೀಪವಾಗುತ್ತದೆ. ಆ ಬೆಳಕು ಚಳಿಗಾಲದ ಬೆಳಕಿಗಿಂತ ಪ್ರಖರವಾದರೂ ನೆರಳಿನ ಅಂಚು ಮೆತ್ತಗೇ ಇರುತ್ತದೆ. ಕೆಮ್ಮಣ್ಣು ಬಳಿದಿದ್ದ ಎದುರುಗೋಡೆಗೆ ಸುಣ್ಣ ಹೊಡೆಸಬೇಕಾಯಿತು, ಏಕೆಂದರೆ ಅದರಿಂದ ಹಿಂದಿರುಗಿದ ಬೆಳಕು ಕೆನ್ನೆಯ ನೆರಳಿನ ಭಾಗಕ್ಕೆಲ್ಲ ಕೆಂಪು ಛಾಯೆ ಹಚ್ಚುತ್ತಿತ್ತು.

ನಮ್ಮ ಕಡೆಯ ಹಿರಿಯರ ಉಡುಪು ಬಿಳಿ, ಮೈಬಣ್ಣ ಕಪ್ಪು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರು ತನ್ನೆದುರು ಇರುವುದನ್ನೆಲ್ಲ ಸರಾಸರಿ ಬೂದುಬಣ್ಣವೆಂದು ಎಣಿಸುವುದರಿಂದ, ಚೌಕಟ್ಟಿನ ತುಂಬ ರುಮಾಲು, ಅಂಗಿ, ಧೋತರದ ಬಿಳಿಯೇ ಇದ್ದಾಗ ಅದು ಬೆಳಕನ್ನು ತಗ್ಗಿಸಿ ಮುಖವನ್ನು ಮಸಿ ಮಾಡಿಬಿಡುತ್ತದೆ. ಮುಖವನ್ನೇ ಅಳೆದು ತೆಗೆದರೆ ರುಮಾಲಿನ ಮಡಿಕೆಗಳು ಸುಟ್ಟು ಬಿಳಿಯ ಗುಡ್ಡೆಯಾಗುತ್ತವೆ. ನಾನು ರುಮಾಲಿನ ನೇಯ್ಗೆ ಅಳಿಯದಷ್ಟು ಬೆಳಕನ್ನು ಮಾತ್ರ ಬಿಟ್ಟು, ನೆರಳಿನ ಕಡೆಗೆ ಬಿಳಿ ಥರ್ಮೊಕೋಲ್ ಹಲಗೆಯನ್ನು ಮುಖದ ಸಮೀಪಕ್ಕೆ ತರುತ್ತೇನೆ. ಕಪ್ಪು ಮೈಬಣ್ಣದಲ್ಲಿ ಮುಖದ ಆಕಾರ ಕಾಣುವುದು ನೆರಳಿನಿಂದ ಎನ್ನುವುದಕ್ಕಿಂತ ಹೊಳಪಿನಿಂದ. ಕೆನ್ನೆಯ ಮೂಳೆ, ಮೂಗಿನ ಏಣು, ಹಣೆಯ ಗೆರೆಗಳ ಮೇಲೆ ಕಿಟಕಿಯ ಪ್ರತಿಬಿಂಬ ನಿಲ್ಲಬೇಕು. ಪೌಡರ್ ಬಳಿದರೆ ಅದು ಹೋಯಿತು. ಬೆಳ್ಳಗೆ ಮಾಡಿಕೊಡಿ ಎಂಬ ಕೋರಿಕೆ ಬಂದಾಗ ವಾದಕ್ಕೆ ಇಳಿಯದೆ, ಒಂದು ಚಿಕ್ಕ ಪ್ರತಿಯನ್ನು ಅದೇ ಕಿಟಕಿಯ ಬಳಿ ಕುಳಿತವರ ಮುಖದ ಪಕ್ಕಕ್ಕೆ ಹಿಡಿದು ತೋರಿಸುತ್ತೇವೆ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದವರಿಗೆ ಮುಂಗಡ ಹಣ ವಾಪಸು.

ಹಿನ್ನೆಲೆಯ ಪರದೆಯ ಕಥೆ ಬೇರೆ. ಅಂಗಡಿಯಲ್ಲಿ ಸಿಗುವ ಮಚ್ಚೆಮಚ್ಚೆಯ ಬಟ್ಟೆಗಳು ಪಾಸ್‌ಪೋರ್ಟ್ ಫೋಟೊವನ್ನು ನೆನಪಿಸುತ್ತಿದ್ದವು. ಅಮೆರಿಕದ ಛಾಯಾಗ್ರಾಹಕ ಅರ್ವಿಂಗ್ ಪೆನ್ ಪ್ಯಾರಿಸ್‌ನಲ್ಲಿ 1950ರಲ್ಲಿ ಸಿಕ್ಕ ಹಳೆಯ ರಂಗಪರದೆಯೊಂದನ್ನು ದಶಕಗಳ ಕಾಲ ತನ್ನ ಭಾವಚಿತ್ರಗಳಿಗೆ ಬಳಸಿದ್ದನ್ನು ಓದಿದಾಗ, ಕಂಪನಿ ನಾಟಕಗಳ ನಾಡಿನಲ್ಲಿ ಇರುವ ನಾವು ಪರದೆಯನ್ನು ದೂರದ ಊರುಗಳಿಂದ ತರಿಸಿಕೊಳ್ಳುವುದು ವಿಚಿತ್ರವೆನಿಸಿತು. ಅರಮನೆ, ಕಾಡು, ಬೀದಿಗಳ ಪರದೆ ಬರೆದು ಕೈ ಪಳಗಿದ ಬಳ್ಳಾರಿ ಕಡೆಯ ಹಿರಿಯರೊಬ್ಬರನ್ನು ಕಂಡು, ಚಿತ್ರವೇ ಇಲ್ಲದ, ಬರೀ ಬೂದು ಕಂದುಗಳು ಒಂದರೊಳಗೊಂದು ಕರಗಿದ ಪರದೆ ಬೇಕೆಂದು ಕೇಳಿದೆವು. "ಏನೂ ಬರಿಬಾರ್ದು ಅಂದ್ರ ನಾನ್ಯಾಕ ಬೇಕ್ರಿ ನಿಮಗ?" ಎಂದು ಅವರು ನಕ್ಕರು. ಆದರೂ ದಪ್ಪ ಹತ್ತಿ ಬಟ್ಟೆಯನ್ನು ನೆಲಕ್ಕೆ ಹಾಸಿ, ಅಂಟು ಬೆರೆಸಿದ ಪುಡಿಬಣ್ಣವನ್ನು ಅಗಲವಾದ ಬ್ರಷ್ಷಿನಿಂದ ಎಳೆದು, ಒಣಗುವ ಮುಂಚೆಯೇ ಒದ್ದೆ ಗೋಣಿಚೀಲದಿಂದ ಒರೆಸಿ, ನಡುವೆ ತುಸು ತಿಳಿಯಾಗಿ ಅಂಚಿಗೆ ಹೋದಂತೆ ಗಾಢವಾಗುವ ಪರದೆಯೊಂದನ್ನು ಮಾಡಿಕೊಟ್ಟರು. ಕುಳಿತವರಿಂದ ನಾಲ್ಕೈದು ಅಡಿ ಹಿಂದೆ ಅದನ್ನು ತೂಗುಹಾಕಿ, ಎಂಬತ್ತೈದು ಮಿಲಿಮೀಟರ್ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ ನಾಲ್ಕರಷ್ಟು ಅಗಲಕ್ಕೆ ಇಟ್ಟರೆ ಬ್ರಷ್ಷಿನ ಗೆರೆಗಳು ಮಸುಕಾಗಿ, ಗಾಳಿ ತುಂಬಿಕೊಂಡಂತೆ ಕಾಣುತ್ತದೆ. ಅದರ ಮೇಲೆ ಸುಕ್ಕು ಬೀಳದಂತೆ ಉದ್ದನೆಯ ಪೈಪಿಗೆ ಸುತ್ತಿಡುವುದು ಯಜಮಾನರ ಹೊಣೆ; ನಾನು ಮುಟ್ಟಿದರೆ ಅವರಿಗೆ ಸಿಟ್ಟು.

ಕ್ಯಾಮೆರಾ ನನ್ನದು, ಮಾತು ಅವರದು. ಇದು ಯೋಚಿಸಿ ಮಾಡಿಕೊಂಡ ಹಂಚಿಕೆ. ಚಿತ್ರ ತೆಗೆಯುವವರೇ ಮಾತನಾಡಿಸಿದರೆ ಕುಳಿತವರ ದೃಷ್ಟಿ ಲೆನ್ಸಿಗೆ ಅಂಟಿಕೊಂಡು, ಗುರುತಿನ ಚೀಟಿಯ ಮುಖವೇ ಮತ್ತೆ ಬರುತ್ತದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ನಾನು ಪಕ್ಕಕ್ಕೆ ಸರಿದು ತಂತಿಯ ಗುಂಡಿ ಹಿಡಿದು ನಿಲ್ಲುತ್ತೇನೆ. ಅವರು ಕಿಟಕಿಯ ಕಡೆಗೆ ಸ್ಟೂಲು ಹಾಕಿಕೊಂಡು ಹರಟೆಗೆ ಕೂರುತ್ತಾರೆ. ಹೆಣ್ಣುಮಕ್ಕಳು ಕೂತಾಗ ಹಂಚಿಕೆ ಅದಲುಬದಲಾಗುವುದೂ ಉಂಟು. ಕಿನ್ನಾಳದ ಗೊಂಬೆ ಮಾಡುವ ಚಿತ್ರಗಾರರೊಬ್ಬರು ಬಂದಿದ್ದಾಗ, ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿ, ಗದ್ದ ಎತ್ತಿ, ಉಸಿರು ಕಟ್ಟಿ ಕುಳಿತರು. ಉಗುರಿನ ಸಂದಿಯಲ್ಲಿ ಉಳಿದಿದ್ದ ಹಳದಿ ಬಣ್ಣವನ್ನು ಮುಚ್ಚಿಕೊಳ್ಳಲು ಬೆರಳುಗಳನ್ನು ಒಳಕ್ಕೆ ಮಡಚಿದ್ದರು. ದೇವರ ಮೂರ್ತಿಗೆ ಕಣ್ಣು ಬರೆಯುವಾಗ ಕೈ ನಡುಗಿದರೆ ಏನು ಮಾಡುತ್ತೀರಿ ಎಂದು ನಮ್ಮವರು ಕೇಳಿದ್ದೇ ತಡ, ಬಲಗೈ ತಾನಾಗಿ ಮೇಲೆದ್ದಿತು, ಎಡಗೈ ಅದರ ಮಣಿಕಟ್ಟಿಗೆ ಆಸರೆಯಾಯಿತು, ಕಣ್ಣು ಕಿರಿದಾಗಿ ಹುಬ್ಬಿನ ನಡುವೆ ಒಂದು ಗೆರೆ ಮೂಡಿತು. "ಇನ್ನೂ ಯಾವಾಗ ತೆಗಿತೀಯವ್ವಾ?" ಎಂದು ಅವರು ನನ್ನನ್ನು ಕೇಳುವಷ್ಟರಲ್ಲಿ ಚಿತ್ರ ಆಗಿಹೋಗಿತ್ತು.

ಕುಳಿತವರ ಎದುರು ನಾವಿಬ್ಬರೂ ಪರಸ್ಪರ ಸೂಚನೆ ಕೊಡುವುದಿಲ್ಲ. ಗಂಡ ಹೆಂಡತಿ ಚರ್ಚೆಗೆ ನಿಂತರೆ ಅವರಿಗೆ ತಮ್ಮ ಮುಖದಲ್ಲೇ ಏನೋ ದೋಷವಿದೆ ಎನಿಸುತ್ತದೆ. ಜಗಳವೆಲ್ಲ ಆಯ್ಕೆಯ ಹೊತ್ತಿಗೆ. ಇಬ್ಬರೂ ಬೇರೆಬೇರೆಯಾಗಿ ನೋಡಿ ಗುರುತು ಹಾಕುತ್ತೇವೆ. ಇಬ್ಬರೂ ಗುರುತು ಹಾಕಿದ ಚಿತ್ರ ಮಾತ್ರ ಮನೆಯಿಂದ ಹೊರಗೆ ಹೋಗುತ್ತದೆ. ನಗುಮುಖ ಇರಲಿ ಎಂಬುದು ಯಜಮಾನರ ಒಲವು. ನನ್ನ ಮಟ್ಟಿಗೆ, ಗೋಡೆಯ ಮೇಲೆ ವರ್ಷಗಟ್ಟಲೆ ಇರಬೇಕಾದ ಮುಖಕ್ಕೆ ನಗು ಬೇಗ ಹಳತಾಗುತ್ತದೆ.

ಮುದ್ರಣದ ಖರ್ಚು ಕಂಡು ಹೊಸಬರು ಬೆಚ್ಚುತ್ತಾರೆ. ನಾವು ಬಳಸುವುದು ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುವ ಹತ್ತಿಯ ನಾರಿನ ಕಾಗದ ಮತ್ತು ಬಣ್ಣದ ನುಣ್ಣನೆಯ ಪುಡಿ ಬೆರೆತ ಪಿಗ್ಮೆಂಟ್ ಶಾಯಿ. ಬಣ್ಣವನ್ನು ಕರಗಿಸಿ ಮಾಡುವ ಡೈ ಶಾಯಿಗಿಂತ ಇದು ಬಹಳ ನಿಧಾನವಾಗಿ ಮಾಸುತ್ತದೆ. ಬೇಸಿಗೆಯ ಒಣಹವೆಗೆ ಕಾಗದ ಸುರುಳಿಯಾಗಿ ಪ್ರಿಂಟರಿನ ತಲೆಗೆ ತಾಗುವುದರಿಂದ, ಮುದ್ರಿಸುವ ಮುಂಚೆ ಅದನ್ನು ಭಾರದ ಕೆಳಗೆ ಇಡಬೇಕು. ಕಟ್ಟು ಹಾಕಿಸುವಾಗ ನಮ್ಮ ಊರಿನ ಎರಡು ಶತ್ರುಗಳನ್ನು ನೆನೆಯಬೇಕಾಗುತ್ತದೆ. ಒಂದು, ಮಣ್ಣಿನ ಗೋಡೆಯ ಗೆದ್ದಲು. ಅದಕ್ಕಾಗಿ ಕಟ್ಟಿನ ಹಿಂದೆ ರಬ್ಬರಿನ ಗುಬ್ಬಿ ಹಚ್ಚಿ ಗೋಡೆಯಿಂದ ಬೆರಳಗಲ ದೂರ ನಿಲ್ಲಿಸುತ್ತೇವೆ. ಇನ್ನೊಂದು, ಹಸಿ ಹೂವಿನ ಮಾಲೆ. ಅದರ ನೀರು ಮೇಲಿನ ಮೂಲೆಯಿಂದ ಇಳಿದು ಬೂಷ್ಟು ಹಿಡಿಸುತ್ತದೆ. ಮೇಲಂಚನ್ನು ಒಳಗಿನಿಂದ ಟೇಪು ಹಾಕಿ ಮುಚ್ಚುವಂತೆ ಕಟ್ಟು ಹಾಕುವವರಿಗೆ ಮೊದಲೇ ಹೇಳಿರುತ್ತೇವೆ. ಯಾಕೆಂದು ಅವರೂ ಕೇಳುವುದಿಲ್ಲ, ನಾವೂ ಗಿರಾಕಿಗಳಿಗೆ ವಿವರಿಸುವುದಿಲ್ಲ.

ಭಾವಚಿತ್ರವೊಂದರಿಂದಲೇ ಸಂಸಾರ ನಡೆಯುತ್ತದೆ ಎಂದು ಯಾರೂ ತಿಳಿಯಬಾರದು. ಲಗ್ನಗಳ ಕೆಲಸ ಈಗಲೂ ಹಿಡಿಯುತ್ತೇವೆ. ಕಾಗದ, ಶಾಯಿ, ಬಾಡಿಗೆ ಹೊರಡುವುದು ಅದರಿಂದ. ಕುಳಿತುಕೊಳ್ಳುವುದಕ್ಕೆ ಒಂದು ದರ, ಕಟ್ಟು ಸಹಿತ ಪ್ರತಿಗೆ ಇನ್ನೊಂದು ದರ ಎಂದು ಬೇರ್ಪಡಿಸಿದ ಮೇಲೆ ಚೌಕಾಸಿ ಕಡಿಮೆಯಾಗಿದೆ. ಕಲಾವಿದರನ್ನೂ ಕಸುಬುದಾರರನ್ನೂ ನಾವಾಗಿ ಕರೆದು ಕೂಡಿಸಿದಾಗ ಅವರಿಂದ ಹಣ ಪಡೆಯುವುದಿಲ್ಲ. ಪ್ರದರ್ಶನಕ್ಕೆ ಇಡಲು ಒಪ್ಪಿಗೆಯೇ ಎಂದು ಕನ್ನಡದಲ್ಲಿ ಬರೆದ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುತ್ತೇವೆ, ಚಿತ್ರ ಮಾರಾಟವಾದರೆ ಒಂದು ಪಾಲು ಅವರಿಗೆ ಮುಟ್ಟಿಸುತ್ತೇವೆ. ಬೇಡ ಎಂದವರ ಚಿತ್ರ ಎಷ್ಟೇ ಚೆನ್ನಾಗಿ ಬಂದಿದ್ದರೂ ಒಂದೇ ಪ್ರತಿ ತೆಗೆದು ಅವರ ಮನೆಗೆ ಕೊಟ್ಟು ಬರುತ್ತೇವೆ. ಆ ಪ್ರತಿಯ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದು ಮಾತ್ರ ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.