ರಫ್ತು ಆಫೀಸಿನ ಮೇಲ್‌ಗೆ ಎಸ್‌/ಮೈಮ್ ಹಾಕಿದ್ದು

ಬೈಕಂಪಾಡಿಯ ಗೇರುಬೀಜ ರಫ್ತು ಆಫೀಸುಗಳಲ್ಲಿ ಮೇಲ್‌ಗೆ ಸಹಿ, ಗೂಢಲಿಪಿ ಹೊಂದಿಸಿ ಕೊಡುವಾಗ ನಾನು ಮೊದಲು ಕೇಳುವುದು ಒಂದೇ: ಖರೀದಿದಾರರು ಮೇಲ್ ಓದುವುದು ಯಾವುದರಲ್ಲಿ? ಔಟ್‌ಲುಕ್, ಐಫೋನ್ ಎಂದರೆ ಎಸ್‌/ಮೈಮ್ (ಸರ್ಟಿಫಿಕೇಟ್ ಬಳಸಿ ಮೇಲ್‌ಗೆ ಸಹಿ, ಗೂಢಲಿಪಿ ಹಾಕುವ ವಿಧಾನ), ಬೇರೆ ಮಾತಿಲ್ಲ. ಥಂಡರ್‌ಬರ್ಡ್ ಎಂಬ ಮೇಲ್ ಆ್ಯಪ್‌ನಲ್ಲಿ 2020ರ 78ನೇ ಆವೃತ್ತಿಯಿಂದ ಅದೇ ಕೆಲಸದ ಇನ್ನೊಂದು ವಿಧಾನ ಓಪನ್‌ಪಿಜಿಪಿಯೂ ಒಳಗೇ ಇದೆ. ಆದರೆ ಆಚೆಯವರಲ್ಲಿ ಇಲ್ಲದಿದ್ದರೆ ಅದರಿಂದ ಏನು ಪ್ರಯೋಜನ?

ತೆರಿಗೆ ಕೆಲಸಕ್ಕೆ ತೆಗೆದ ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಇರುವ ಯುಎಸ್‌ಬಿ ಟೋಕನ್ನನ್ನೇ ಬಳಸಿ ಎನ್ನುವವರು ಬಹಳ. ನಾನು ಬಳಸುವುದಿಲ್ಲ. ಭಾರತದ ಸಿಸಿಎ ರೂಟ್ (ಡಿಎಸ್‌ಸಿಗಳಿಗೆಲ್ಲ ಮೂಲವಾದ ಸರ್ಕಾರಿ ಸರ್ಟಿಫಿಕೇಟ್) ಥಂಡರ್‌ಬರ್ಡ್‌ನ ನಂಬಿಕೆಯ ಪಟ್ಟಿಯಲ್ಲಿಲ್ಲ, ಸಹಿ ಸರಿಯಿದ್ದರೂ ಆಚೆ ಎಚ್ಚರಿಕೆ ಬರುತ್ತದೆ. ಟೋಕನ್ನಿನ ಖಾಸಗಿ ಕೀ (ಸಹಿ ಹಾಕುವ, ಗೂಢಲಿಪಿ ಬಿಡಿಸುವ ಗುಟ್ಟಿನ ಕೀಲಿ) ಹೊರಗೆ ಬಾರದು, ಹಾಗಾಗಿ ಮೊಬೈಲಿಗೆ ಹಾಕಲಾಗದು. ಸಹಿಗೆ ಮಾತ್ರ ಕೊಟ್ಟ ಸರ್ಟಿಫಿಕೇಟಾದರೆ ಗೂಢಲಿಪಿಯ ಮೇಲ್ ತೆರೆಯುವುದೂ ಇಲ್ಲ. ಇಮೇಲ್‌ಗೆಂದೇ ಕೊಡುವ ಸರ್ಟಿಫಿಕೇಟ್ ಕೊಂಡು ಪಿ12 ಫೈಲಾಗಿ (ಸರ್ಟಿಫಿಕೇಟ್, ಖಾಸಗಿ ಕೀ ಎರಡನ್ನೂ ಪಾಸ್‌ವರ್ಡ್ ಹಾಕಿ ಇಡುವ ಫೈಲ್) ಇಟ್ಟುಕೊಳ್ಳುತ್ತೇನೆ.

ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ 3ನೇ ಆವೃತ್ತಿಯಲ್ಲಿ ಮಾಡಿದ ಪಿ12 ಹಳೆಯ ವಿಂಡೋಸ್‌ನಲ್ಲಿ, ಮ್ಯಾಕ್‌ನ ಕೀಚೈನ್‌ನಲ್ಲಿ "ಪಾಸ್‌ವರ್ಡ್ ತಪ್ಪು" ಎನ್ನಬಹುದು. ಪಾಸ್‌ವರ್ಡ್ ಸರಿಯೇ ಇರುತ್ತದೆ. ಹೊಸ ಗೂಢಲಿಪಿ ವಿಧಾನ ಅವಕ್ಕೆ ತಿಳಿಯುವುದಿಲ್ಲ. ಲೆಗಸಿ ಆಯ್ಕೆ ಕೊಟ್ಟು ಮತ್ತೆ ಮಾಡಿದರೆ ಹತ್ತುತ್ತದೆ.

ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್, ಎಂಡ್‌-ಟು-ಎಂಡ್ ಎನ್‌ಕ್ರಿಪ್ಷನ್, ಮ್ಯಾನೇಜ್ ಎಸ್‌/ಮೈಮ್ ಸರ್ಟಿಫಿಕೇಟ್ಸ್, ಅಲ್ಲಿ ಇಂಪೋರ್ಟ್. ಆಮೇಲೆ ಸಹಿಗೆ, ಗೂಢಲಿಪಿಗೆ ಎರಡಕ್ಕೂ ಸರ್ಟಿಫಿಕೇಟ್ ಆರಿಸಬೇಕು. ಹಳೆಯ ಔಟ್‌ಲುಕ್‌ನಲ್ಲಿ ಟ್ರಸ್ಟ್ ಸೆಂಟರ್‌ನ ಇಮೇಲ್ ಸೆಕ್ಯುರಿಟಿಗೆ ಹೋಗಿ "ಕ್ಲಿಯರ್ ಟೆಕ್ಸ್ಟ್ ಸೈನ್ಡ್" ಎಂಬುದಕ್ಕೆ ಟಿಕ್ ಇದೆಯೇ ನೋಡಿ. ಇಲ್ಲದಿದ್ದರೆ ಬರೀ ಸಹಿ ಹಾಕಿದ ಮೇಲ್ ಕೂಡ ಇಡಿಯಾಗಿ ಸ್ಮೈಮ್‌.ಪಿ7ಎಂ ಎಂಬ ಕಟ್ಟಿನೊಳಗೆ ಹೋಗುತ್ತದೆ. ಎಸ್‌/ಮೈಮ್ ಇಲ್ಲದ ಆ್ಯಪ್‌ನಲ್ಲಿ ಓದಲು ಒಂದಕ್ಷರವೂ ಸಿಗದು. ಟಿಕ್ ಇದ್ದರೆ ಅಕ್ಷರ ಕಾಣುತ್ತದೆ, ಜೊತೆಗೆ ಸ್ಮೈಮ್‌.ಪಿ7ಎಸ್ ಎಂಬ ಚಿಕ್ಕ ಅಟ್ಯಾಚ್‌ಮೆಂಟ್. "ಇದೇನು ವೈರಸ್ಸಾ?" ಎಂದು ಫೋನ್ ಬರುವುದು ಖಂಡಿತ, ಮೊದಲೇ ತಿಳಿಸಿಬಿಡಿ.

ಗೂಢಲಿಪಿಯಲ್ಲಿ ಕಳಿಸಲು ಆಚೆಯವರ ಸರ್ಟಿಫಿಕೇಟ್ ನಮ್ಮಲ್ಲಿರಬೇಕು. ಅವರಿಂದ ಸಹಿ ಹಾಕಿದ ಮೇಲ್ ಒಂದು ಬಂದರೆ ಥಂಡರ್‌ಬರ್ಡ್ ತಾನೇ ಇಟ್ಟುಕೊಳ್ಳುತ್ತದೆ. ಔಟ್‌ಲುಕ್‌ನಲ್ಲಿ ಕಳಿಸಿದವರನ್ನು ಕಾಂಟ್ಯಾಕ್ಟ್‌ಗೆ ಸೇರಿಸಬೇಕು.

ಸಹಿ "ಅಮಾನ್ಯ" ಎಂದು ಬಂದರೆ ಸರ್ಟಿಫಿಕೇಟನ್ನು ಬೈಯುವ ಮೊದಲು ಸರ್ವರ್ ನೋಡಿ. ಕಂಪನಿಯ ಡಿಸ್‌ಕ್ಲೈಮರನ್ನು ಕೊನೆಗೆ ಅಂಟಿಸುವ ಸರ್ವರ್, ಸಹಿಯಾದ ಮೇಲೆ ಮೇಲ್ ತಿದ್ದಿದಂತೆಯೇ. ಡಿಸ್‌ಕ್ಲೈಮರ್ ಬೇಕೇ ಬೇಕಾದರೆ ಬರೆಯುವವರ ಸಿಗ್ನೇಚರಿನಲ್ಲಿ ಹಾಕಿ.

ಸರ್ಟಿಫಿಕೇಟ್ ನವೀಕರಿಸಿದಾಗ ಹಳೆಯ ಪಿ12 ಅಳಿಸಬೇಡಿ, ಹಳೆಯ ಮೇಲ್ ತೆರೆಯಲು ಅದೇ ಬೇಕು. ಎಸ್‌/ಮೈಮ್‌ನಲ್ಲಿ ಸಬ್ಜೆಕ್ಟ್ ಸಾಲು ಸಾಮಾನ್ಯವಾಗಿ ಮುಚ್ಚಿಹೋಗುವುದಿಲ್ಲ. ಕಿಲೋ ಬೆಲೆಯನ್ನು ಅಲ್ಲಿ ಬರೆಯುವ ಅಭ್ಯಾಸವಿದ್ದರೆ ಬಿಡಿಸಿ.